ಎಡ ಚಕ್ರದಲ್ಲಿ ಒಳಗಿನ ಬ್ರೇಕ್ ಪ್ಯಾಡ್ ಮಾತ್ರ ಬೇಗ ಸವೆಯುತ್ತಿದೆ, ಕಾರಣ ಏನಿರಬಹುದು?

ಪ್ರಶ್ನೆ:

ನಮಸ್ಕಾರ. ನನ್ನ ಕಾರಿನ ಮುಂದಿನ ಎಡ ಚಕ್ರದಲ್ಲಿ ಒಳಗಿನ ಪ್ಯಾಡ್ ಪೂರ್ತಿ ಸವೆದು, ಹಿಂದಿನ ತಗಡು ಡಿಸ್ಕ್‌ಗೆ ಉಜ್ಜುತ್ತಿತ್ತು. ಅದೇ ಚಕ್ರದ ಹೊರಗಿನ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಬಲಗಡೆ ಎರಡೂ ಒಂದೇ ಸಮ ಸವೆದಿವೆ. ಹಿಂದಿನ ಸಲ ಪ್ಯಾಡ್ ಬದಲಿಸಿದಾಗಲೂ ಹೀಗೇ ಆಗಿತ್ತು. ಗ್ಯಾರೇಜಿನವರು ಪ್ಯಾಡ್ ಕ್ವಾಲಿಟಿ ಸರಿ ಇಲ್ಲ, ಬೇರೆ ಕಂಪನಿಯದು ಹಾಕೋಣ ಅನ್ನುತ್ತಿದ್ದಾರೆ. ಬ್ರೇಕ್ ಒತ್ತಿದಾಗ ಕಾರು ಯಾವ ಕಡೆಗೂ ಎಳೆಯುವುದಿಲ್ಲ. ಆದರೆ ಓಡಿಸಿ ನಿಲ್ಲಿಸಿದ ಮೇಲೆ ಎಡ ಚಕ್ರದ ಹತ್ತಿರ ಸುಟ್ಟ ವಾಸನೆ ಬರುತ್ತದೆ. ಹೊಸ ಪ್ಯಾಡ್ ಹಾಕಿದರೆ ಸಾಕಾ?

ಉತ್ತರ:

ಸಾಕಾಗಲ್ಲ. ಹಳೆಯ ಪ್ಯಾಡ್‌ಗಳನ್ನು ದಯವಿಟ್ಟು ಎಸೆಯಬೇಡಿ, ತೊಂದರೆ ಎಲ್ಲಿದೆ ಅಂತ ಅವೇ ಹೇಳುತ್ತವೆ. ಒಂದೇ ಡಬ್ಬಿಯಿಂದ ತೆಗೆದು ಹಾಕಿದ ನಾಲ್ಕು ಪ್ಯಾಡ್‌ಗಳಲ್ಲಿ ಒಂದು ಮಾತ್ರ ಹೋಗಿದೆ ಅಂದ್ರೆ ಅದು ಪ್ಯಾಡ್‌ನ ತಪ್ಪಲ್ಲ. ಅಲ್ಲಿ ಬ್ರೇಕ್ ಬಿಡಬೇಕಾದಾಗ ಬಿಡುತ್ತಿಲ್ಲ. ಇದನ್ನು ಹುಡುಕದೆ ಎಷ್ಟು ದುಬಾರಿ ಪ್ಯಾಡ್ ಹಾಕಿದರೂ ಮತ್ತೆ ಅದೇ ಕಥೆ.

ಡಿಸ್ಕನ್ನು ಎರಡೂ ಕಡೆಯಿಂದ ಅಪ್ಪಿಕೊಂಡು ಪ್ಯಾಡ್‌ಗಳನ್ನು ಒತ್ತುವ ಭಾಗವೇ ಕ್ಯಾಲಿಪರ್. ಹೆಚ್ಚಿನ ಕಾರುಗಳ ಮುಂದಿನ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಪೆಡಲ್ ಒತ್ತಿದಾಗ ಅದು ಒಳಗಿನ ಪ್ಯಾಡನ್ನು ಡಿಸ್ಕ್‌ಗೆ ತಳ್ಳುತ್ತದೆ. ಆ ಒತ್ತಡಕ್ಕೆ ಕ್ಯಾಲಿಪರ್ ತಾನೇ ಎರಡು ಸ್ಲೈಡ್ ಪಿನ್‌ಗಳ ಮೇಲೆ ಒಳಕ್ಕೆ ಜಾರಿ, ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಪಿನ್ ಹಿಡಿದುಕೊಂಡರೆ ಈ ಜಾರುವಿಕೆ ನಿಲ್ಲುತ್ತದೆ. ಆಗ ಕೆಲಸವೆಲ್ಲ ಒಳಗಿನ ಪ್ಯಾಡ್ ಮೇಲೆ ಬೀಳುತ್ತದೆ. ನಿಮ್ಮದು ಇದೇ ಇರಬೇಕು ಅನ್ನುವುದು ನನ್ನ ಮೊದಲ ಅನುಮಾನ.

ಎರಡನೆಯ ಅನುಮಾನ ಪಿಸ್ಟನ್. ಅದರ ಸುತ್ತ ಚೌಕ ಅಂಚಿನ ರಬ್ಬರ್ ಸೀಲ್ ಇರುತ್ತದೆ. ಬ್ರೇಕ್ ಒತ್ತಿದಾಗ ಸೀಲ್ ಪಿಸ್ಟನ್ ಜೊತೆ ಸ್ವಲ್ಪ ಬಾಗುತ್ತದೆ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಬ್ರೇಕ್ ಬಿಡುವುದು ಈ ಸಣ್ಣ ಚಲನೆಯಿಂದಲೇ. ಪಿಸ್ಟನ್ ಮೇಲೆ ತುಕ್ಕು ಹಿಡಿದರೆ ಅದು ಹಿಂದೆ ಬರುವುದಿಲ್ಲ.

ಮೂರನೆಯದು ಬ್ರೇಕ್ ಹೋಸ್, ಅಂದರೆ ಕ್ಯಾಲಿಪರ್‌ಗೆ ಆಯಿಲ್ ತರುವ ರಬ್ಬರ್ ಕೊಳವೆ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಒಳಗಡೆ ರಬ್ಬರ್ ಕಿತ್ತು ಬಂದಿರುತ್ತದೆ. ಪೆಡಲ್ ಒತ್ತಿದಾಗ ಆಯಿಲ್ ಹೋಗುತ್ತದೆ, ವಾಪಸ್ ಬರಲು ಬಿಡುವುದಿಲ್ಲ. ಆದರೆ ಹೋಸ್ ಹಾಳಾಗಿದ್ದರೆ ಸಾಮಾನ್ಯವಾಗಿ ಆ ಚಕ್ರದ ಎರಡೂ ಪ್ಯಾಡ್ ಸವೆಯುತ್ತವೆ. ಹಾಗಾಗಿ ನಿಮ್ಮ ವಿಷಯದಲ್ಲಿ ಇದರ ಸಾಧ್ಯತೆ ಕಡಿಮೆ. ಆದರೂ ನೋಡಿಬಿಡಿ.

ಪರೀಕ್ಷೆ ಹೀಗೆ ಮಾಡಿ. ಸಮತಟ್ಟಾದ ಜಾಗದಲ್ಲಿ ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಬೇಡಿ. ಬ್ರೇಕ್ ಹಲವು ಸಲ ಒತ್ತಿ ಬಿಟ್ಟು, ಚಕ್ರವನ್ನು ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಬ್ಲೀಡರ್ ನಿಪ್ಪಲ್ (ಕ್ಯಾಲಿಪರ್‌ನಿಂದ ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪು) ಸ್ವಲ್ಪವೇ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾಯಿತಾ? ಹಾಗಿದ್ದರೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ, ಹೋಸ್ ಕಡೆ ನೋಡಿ. ಏನೂ ಬದಲಾಗಲಿಲ್ಲ ಅಂದ್ರೆ ಪಿನ್ ಅಥವಾ ಪಿಸ್ಟನ್. ನಿಪ್ಪಲ್ ತೆರೆದಿರುವಾಗ ಪೆಡಲ್ ಮುಟ್ಟಬೇಡಿ, ಗಾಳಿ ಸೇರುತ್ತದೆ. ಆಯಿಲ್ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಇನ್ನೊಂದು ಕೇಳಬೇಕಿತ್ತು. ಸವೆದ ಪ್ಯಾಡ್ ಉದ್ದಕ್ಕೂ ಒಂದೇ ದಪ್ಪ ಇದೆಯಾ, ಓರೆಯಾಗಿದೆಯಾ?

ಪ್ರಶ್ನೆ ಕೇಳಿದವರು:

ತುಂಬಾ ಥ್ಯಾಂಕ್ಸ್ ಸರ್. ಪ್ಯಾಡ್ ಓರೆಯಾಗಿಯೇ ಸವೆದಿದೆ, ಕೆಳಗಿನ ತುದಿ ಪೂರ್ತಿ ಹೋಗಿದೆ, ಮೇಲೆ ಸ್ವಲ್ಪ ಉಳಿದಿದೆ. ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಗಿಯಾಗಿಯೇ ಇತ್ತು. ಕ್ಯಾಲಿಪರ್ ಬಿಚ್ಚಿದೆ. ಮೇಲಿನ ಪಿನ್ ಬೆರಳಲ್ಲಿ ತಳ್ಳಿದರೆ ಸಲೀಸಾಗಿ ಜಾರುತ್ತದೆ. ಕೆಳಗಿನದು ಅಲ್ಲಾಡಲೇ ಇಲ್ಲ, ಸ್ಪಾನರ್ ಹಾಕಿ ತಿರುಗಿಸುತ್ತಾ ಎಳೆದ ಮೇಲೆ ಬಂತು. ಪಿನ್ ಮುಚ್ಚುವ ರಬ್ಬರ್ ಬೂಟ್ ಹರಿದಿದೆ, ಒಳಗೆ ಕಂದು ಬಣ್ಣದ ತುಕ್ಕು ಪುಡಿ. ಪಿಸ್ಟನ್ ಮಾತ್ರ ಸಿ-ಕ್ಲ್ಯಾಂಪ್ ಹಾಕಿದಾಗ ಸಲೀಸಾಗಿ ಒಳಗೆ ಹೋಯಿತು. ಈ ಪಿನ್ನನ್ನೇ ಉಜ್ಜಿ ಹಾಕಬಹುದಾ?

ಉತ್ತರ:

ಕಾರಣ ಸಿಕ್ಕಿತು. ಒಂದು ಪಿನ್ ಜಾರಿ ಇನ್ನೊಂದು ನಿಂತುಬಿಟ್ಟರೆ ಕ್ಯಾಲಿಪರ್ ಓರೆಯಾಗುತ್ತದೆ. ಅದಕ್ಕೇ ಪ್ಯಾಡ್ ಕೂಡ ಓರೆ.

ಪಿನ್ ಮೇಲೆ ತುಕ್ಕು ಗುಳಿ ಬಿದ್ದಿದ್ದರೆ ಉಜ್ಜಬೇಡಿ, ಹೊಸ ಪಿನ್, ಹೊಸ ಬೂಟ್ ಹಾಕಿ. ಕಿಟ್ ಸಿಗುತ್ತದೆ. ಪಿನ್ ಹೋಗುವ ರಂಧ್ರವನ್ನೂ ಬ್ರಷ್ ಹಾಕಿ ಪೂರ್ತಿ ಸ್ವಚ್ಛ ಮಾಡಿ. ಕೆಲವು ಕಾರುಗಳಲ್ಲಿ ಎರಡು ಪಿನ್ ಬೇರೆ ಬೇರೆ ಇರುತ್ತವೆ, ಒಂದರ ತುದಿಗೆ ರಬ್ಬರ್ ಬುಷ್ ಇರುತ್ತದೆ. ಅದಲು ಬದಲು ಮಾಡಬೇಡಿ.

ಗ್ರೀಸ್ ವಿಷಯದಲ್ಲಿ ಮಾತ್ರ ಹುಷಾರು. ಬೇರಿಂಗ್‌ಗೆ ಹಾಕುವ ಸಾಮಾನ್ಯ ಗ್ರೀಸ್ ಪೆಟ್ರೋಲಿಯಂನಿಂದ ಮಾಡಿದ್ದು. ಅದು ತಾಗಿದರೆ ಬೂಟ್‌ನ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಬ್ರೇಕ್‌ಗೆಂದೇ ಬರುವ ಸಿಲಿಕಾನ್ ಗ್ರೀಸ್ ತೆಳ್ಳಗೆ ಹಚ್ಚಿ. ಪ್ಯಾಡ್‌ನ ಎರಡೂ ಕಿವಿ ಕೂರುವ ಬ್ರ್ಯಾಕೆಟ್ ಜಾಗವನ್ನೂ ನೋಡಿ. ಅಲ್ಲಿ ಕ್ಲಿಪ್ ಕೆಳಗೆ ತುಕ್ಕು ಉಬ್ಬಿಕೊಂಡು ಪ್ಯಾಡನ್ನು ಅದುಮಿ ಹಿಡಿದಿರುತ್ತದೆ. ಕ್ಲಿಪ್ ತೆಗೆದು ಉಜ್ಜಿ, ಪ್ಯಾಡ್ ಕೈಯಲ್ಲೇ ಜಾರುವ ಹಾಗಿರಬೇಕು. ಧೂಳನ್ನು ಗಾಳಿ ಊದಿ ತೆಗೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ತಗಡು ಉಜ್ಜಿದ್ದರಿಂದ ಡಿಸ್ಕ್ ಅಳೆಯಲೇಬೇಕು. ಕನಿಷ್ಠ ದಪ್ಪ ಎಷ್ಟು ಅಂತ ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೆತ್ತಿರುತ್ತಾರೆ. ಅದಕ್ಕಿಂತ ಕಡಿಮೆ ಇದ್ದರೆ, ಅಥವಾ ಆಳವಾದ ಗೀರು ಬಿದ್ದಿದ್ದರೆ, ಎರಡೂ ಕಡೆ ಡಿಸ್ಕ್ ಬದಲಿಸಿ. ಪ್ಯಾಡ್ ಕೂಡ ಎಡ ಬಲ ಒಟ್ಟಿಗೇ ಹಾಕಬೇಕು.

ಅಷ್ಟು ಬಿಸಿಯಾದ ಮೇಲೆ ಬ್ರೇಕ್ ಆಯಿಲ್ ಕೂಡ ಬದಲಿಸುವುದು ಒಳ್ಳೆಯದು. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ಎಂಬ ಬ್ರೇಕ್ ಆಯಿಲ್ ದರ್ಜೆಯ ಮಾನದಂಡದ ಪ್ರಕಾರ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಇನ್ನೊಬ್ಬರು:

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಹಿಂದಿನ ಡಿಸ್ಕ್, ಎರಡೂ ಕಡೆ ಬೇಗ ಸವೆಯುತ್ತಿದೆ. ಪಿನ್‌ಗಳು ಚೆನ್ನಾಗಿವೆ.

ಉತ್ತರ:

ಹ್ಯಾಂಡ್‌ಬ್ರೇಕ್ ಕೇಬಲ್ ನೋಡಿ. ಲಿವರ್ ಪೂರ್ತಿ ಇಳಿಸಿದಾಗ ಕ್ಯಾಲಿಪರ್ ಮೇಲಿನ ಸಣ್ಣ ತೋಳು ತನ್ನ ತಡೆಗೆ ತಾಗಿ ನಿಲ್ಲುತ್ತದಾ? ಇಲ್ಲ ಅಂದ್ರೆ ಕೇಬಲ್ ಬಿಗಿಯಾಗಿದೆ ಅಥವಾ ಒಳಗೆ ತುಕ್ಕು ಹಿಡಿದಿದೆ. ಪಿಸ್ಟನ್ನನ್ನು ತಿರುಗಿಸಿ ಒಳಗೆ ಕಳಿಸುವ ತರಹದ್ದಾದರೆ, ಅದರ ಮುಖದ ಕಚ್ಚು ಪ್ಯಾಡ್ ಹಿಂದಿನ ಮೊಳೆಗೆ ಸರಿಯಾಗಿ ಕೂತಿರಬೇಕು. ಕೂರದಿದ್ದರೂ ಪ್ಯಾಡ್ ಓರೆಯಾಗಿ ಸವೆಯುತ್ತದೆ. ಇವೆಲ್ಲ ಸರಿ ಇದ್ದರೆ ಸುಮ್ನೆ ಗಾಬರಿ ಬೇಡ. ಈಗಿನ ಕಾರುಗಳಲ್ಲಿ ಕಾರು ರಸ್ತೆಯಲ್ಲಿ ಜಾರದಂತೆ ತಡೆಯುವ ವ್ಯವಸ್ಥೆ ಹಿಂದಿನ ಬ್ರೇಕನ್ನು ಆಗಾಗ ತಾನೇ ಬಳಸುತ್ತದೆ, ಅಲ್ಲಿನ ಪ್ಯಾಡ್ ಕೂಡ ತೆಳು.

ಪ್ರಶ್ನೆ ಕೇಳಿದವರು:

ಪಿನ್, ಬೂಟ್, ಡಿಸ್ಕ್, ಪ್ಯಾಡ್ ಎಲ್ಲ ಹೊಸದು ಹಾಕಿ ಆಯಿಲ್ ಬದಲಿಸಿದೆ. ವಾಸನೆ ಹೋಗಿದೆ. ಇನ್ನೇನು ಗಮನಿಸಬೇಕು?

ಉತ್ತರ:

ಒಳ್ಳೆಯದಾಯ್ತು. ಮೊದಮೊದಲು ಜೋರಾಗಿ ಬ್ರೇಕ್ ಹಾಕಬೇಡಿ, ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಲಿ. ಆಮೇಲೆ ಒಂದು ಸಲ ಓಡಿಸಿ ಬಂದು, ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಎಡ ಬಲ ಡಿಸ್ಕ್ ಬಿಸಿ ಹೋಲಿಸಿ. ಕೈ ಇಡಬೇಡಿ. ಹೆಚ್ಚುಕಮ್ಮಿ ಒಂದೇ ಇರಬೇಕು. ಮುಂದೆ ಚಕ್ರ ಬಿಚ್ಚಿದಾಗೆಲ್ಲ ಒಳಗಿನ ಪ್ಯಾಡನ್ನೇ ಟಾರ್ಚ್ ಹಾಕಿ ನೋಡಿ. ಹೊರಗಿನದು ಮಾತ್ರ ನೋಡಿ ಬಿಡುವುದರಿಂದಲೇ ಈ ತೊಂದರೆ ಇಷ್ಟು ತಡವಾಗಿ ಸಿಗುವುದು. 3 ಮಿಲಿಮೀಟರ್‌ಗೆ ಬಂದರೆ ಬದಲಿಸಿ.