ಮೆತ್ತಿನ (ಮಹಡಿಯ) ಹಲಗೆ ನೆಲ ಮೂರು ಇಂಚು ಎತ್ತರಿಸಬೇಕು, ದಾರಿ ಹೇಳಿ

ಶಿರಸಿ_ಹಳೇಮನೆ:
ಮೆತ್ತಿನ ಕೋಣೆ 10×14 ಅಡಿ, 1 ಇಂಚಿನ ಹಲಗೆ ನೆಲ. ಪಕ್ಕದ ಹೊಸ ಆರ್‌ಸಿಸಿ ಕೋಣೆಗಿಂತ 75 ಮಿ.ಮೀ. ತಗ್ಗು. ಜಂತಿ 2 ಅಡಿಗೊಂದು, ನಡುವೆ 20 ಮಿ.ಮೀ. ಬಗ್ಗಿವೆ. ಮೇಲೆ ಕಾಂಕ್ರೀಟ್ ಹಾಕಿದರೆ ಸಾಕು ಅಂತಾರೆ ಮೇಸ್ತ್ರಿ. ಆಗುತ್ತದಾ?

ಚಿರೆಕಲ್ಲು:
ಕಾಂಕ್ರೀಟ್ ಬೇಡವೇ ಬೇಡ. 75 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 180 ಕೆ.ಜಿ.; ನಿಮ್ಮ ಕೋಣೆಗೆ 2.3 ಟನ್. ಈಗಾಗಲೇ ಬಗ್ಗಿದ ಜಂತಿ ಅದನ್ನು ಹೊರುವುದಿಲ್ಲ. ಹಸಿ ಕಾಂಕ್ರೀಟಿನ ನೀರು ಹಲಗೆಗಿಳಿದು ಕೊಳೆಯುವುದು ಬೇರೆ.

ಹಲಗೆಗೆ ನಂಬರ್ ಬರೆದು ಬಿಚ್ಚಿಸಿ. ಗೋಡೆಯೊಳಗೆ ಹೊಕ್ಕ ಜಂತಿಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಒರಲೆಯೋ (ಗೆದ್ದಲು) ಕೊಳೆಯೋ ಹಿಡಿದಿದೆ, ಆ ಜಂತಿ ಬದಲಿಸದೆ ಮುಂದೆ ಹೋಗಬೇಡಿ.

ಜಂತಿ ಗಟ್ಟಿಯಿದ್ದರೆ ಅದರ ಮೇಲೆ ಮರದ ಪಟ್ಟಿ. ಅದೇ ಹಲಗೆ ಮತ್ತೆ ಹೊಡೆಯುವುದರಿಂದ ಲೆಕ್ಕದಲ್ಲಿ ಹಲಗೆಯ ದಪ್ಪ ಕಳೆಯಬಾರದು; ಬಹಳ ಜನ ತಪ್ಪುವುದು ಇಲ್ಲೇ. ಪಟ್ಟಿ ತುದಿಯಲ್ಲಿ 75, ನಡುವೆ 95 ಮಿ.ಮೀ. ಎತ್ತರ ಬೇಕು. ಒಂದೊಂದು ಜಂತಿಯ ಬಾಗೂ ಬೇರೆ, ಹಾಗಾಗಿ ಮಟ್ಟ ನೋಡುವ ನೀರಿನ ಟ್ಯೂಬ್ ಹಿಡಿದು ಪ್ರತಿಯೊಂದರ ಮೇಲೂ 2 ಅಡಿಗೊಂದು ಅಳತೆ ತೆಗೆದು, ಪಟ್ಟಿಯ ಅಡಿಭಾಗವನ್ನು ಆಚಾರಿಯಿಂದ ಆ ಬಾಗಿಗೇ ಕೊಯ್ಯಿಸಿ. ಅಲ್ಲಲ್ಲಿ ಚಕ್ಕೆ ತುರುಕಿ ಮಟ್ಟ ಮಾಡಿದರೆ ಚಕ್ಕೆ ಒಣಗಿ ಸಡಿಲಾಗಿ, ಕಾಲಿಟ್ಟಲ್ಲೆಲ್ಲ ಕಿರುಗುಟ್ಟುತ್ತದೆ. ಪಟ್ಟಿ ಮಗುಚದಂತೆ ಎರಡು ಪಟ್ಟಿಗಳ ನಡುವೆ ಮೂರು ಕಡೆ ಅಡ್ಡ ತುಂಡು ಕೊಡಿಸಿ.

ಕಾರವಾರ_ಕಡಲು:
ಮೇಲಿನವರು ಹೇಳಿದ್ದು ಸರಿ. ಕಬ್ಬಿಣದ ಮೊಳೆ ಮಾತ್ರ ಬೇಡ. ತೇವಕ್ಕೆ ತುಕ್ಕು ಹಿಡಿದು ಸುತ್ತಲಿನ ಮರವೂ ಕಪ್ಪಾಗುತ್ತದೆ. ಹಲಗೆಗೆ 65 ಮಿ.ಮೀ. ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ಘಟ್ಟದ ಮೇಲೆ 304 ದರ್ಜೆಯ ಸ್ಟೀಲ್ ಸಾಕು, ನಮ್ಮ ಕಡಲ ಬದಿಗೆ 316 ಬೇಕು. ಮತ್ತಿ ಮರವಾದರೆ ಮೊದಲು 3 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ಸೀಳುತ್ತದೆ. ಮುಚ್ಚಿಹೋಗುವ ಮರಕ್ಕೆಲ್ಲ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಸಿ, ಒರಲೆಗೆ ಒಳ್ಳೆಯದು. ಬಳಿಯುವವರಿಗೆ ಕೈಗವಸು ಕೊಡಿ, ಚರ್ಮ ಸುಡುತ್ತದೆ.

ಶಿರಸಿ_ಹಳೇಮನೆ:
ಉಪಕಾರವಾಯಿತು. ಮರದ ಮೆಟ್ಟಿಲು ಇದೇ ಕೋಣೆಗೆ ಹತ್ತುತ್ತದೆ, ಅದಕ್ಕೇನಾದರೂ ಮಾಡಬೇಕಾ?

ಚಿರೆಕಲ್ಲು:
ಮಾಡಲೇಬೇಕು. ಬಿಟ್ಟರೆ ಕೊನೆಯ ಮೆಟ್ಟಿಲೊಂದೇ 7 ಇಂಚಿನಿಂದ 10ಕ್ಕೆ ಏರುತ್ತದೆ, ಕತ್ತಲಲ್ಲಿ ಮುಗ್ಗರಿಸುವುದು ಖಂಡಿತ. ಒಟ್ಟು 12 ಏರು ಇದ್ದರೆ ಮೊದಲ ಮೆಟ್ಟಿಲಿಗೆ 6 ಮಿ.ಮೀ., ಎರಡನೆಯದಕ್ಕೆ 12, ಹೀಗೆ ಏರಿಸುತ್ತ ಹೋಗಿ. ಬಾಗಿಲ ಚೌಕಟ್ಟಿನ ಎತ್ತರವನ್ನೂ ಈಗಲೇ ಅಳೆಯಿರಿ. ಹಳೇ ಮನೆಯ ಬಾಗಿಲು ಮೊದಲೇ ಗಿಡ್ಡ.

ಕೆಲಸ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಆಗ ಒಣಗಿದ ಹಲಗೆ ಮಳೆಗಾಲದಲ್ಲಿ ಹಿಗ್ಗುವುದರಿಂದ ಹಲಗೆಗಳ ನಡುವೆ 2, ಗೋಡೆ ಬದಿಗೆ 10 ಮಿ.ಮೀ. ಸಂದು ಬಿಡಿಸಿ.