‘ಕಂಡೀಷನಿಂಗ್’ಗೆ ‘ಹದ’ ಅನ್ನಬಹುದೇ?

ರಕ್ತದ ಕ್ಯಾನ್ಸರ್ ಇರುವವರ ಮನೆಮಂದಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ರೆಡ್ಯೂಸ್ಡ್ ಇಂಟೆನ್ಸಿಟಿ ಕಂಡೀಷನಿಂಗ್’ ಎಂಬಲ್ಲಿ ಸಿಕ್ಕಿಬಿದ್ದೆ. ಸುಮ್ನೆ ಕಂಪ್ಯೂಟರ್ ಅನುವಾದಕ್ಕೆ ಹಾಕಿ ನೋಡಿದರೆ ‘ಕಡಿಮೆ ತೀವ್ರತೆಯ ಷರತ್ತು’ ಎಂದಿತು! ಬಾಡಿಗೆ ಕರಾರು ಓದಿದ ಹಾಗಾಯಿತು.

ವಿಷಯ ಇಷ್ಟು. ದಾನಿಯಿಂದ ಪಡೆದ, ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ರೋಗಿಗೆ ಕೊಡುವುದೇ ಕಸಿ. ಅದಕ್ಕೆ ಮೊದಲಿನ ಕೆಲವು ದಿನ ರೋಗಿಗೆ ಕೀಮೋ, ಕೆಲವೊಮ್ಮೆ ಮೈಗೆಲ್ಲ ವಿಕಿರಣವನ್ನೂ ಕೊಡುತ್ತಾರೆ. ಇದೇ ಕಂಡೀಷನಿಂಗ್. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ಅದರ ಒಂದು ಕೆಲಸ. ಬಂದ ಕೋಶಗಳನ್ನು ರೋಗಿಯ ಮೈ ಹೊರಗಟ್ಟದಂತೆ ಅದರ ರೋಗನಿರೋಧಕ ಶಕ್ತಿಯನ್ನು ಅದುಮುವುದು ಇನ್ನೊಂದು. ಪೂರ್ಣ ಪ್ರಮಾಣದಲ್ಲಿ ಕೊಟ್ಟರೆ ರೋಗಿಯ ಮೂಳೆಯೊಳಗಿನ ಹಳೆಯ ಮಜ್ಜೆಯೇ ನಾಶವಾಗುತ್ತದೆ. ವಯಸ್ಸಾದವರು, ಹೃದಯ ಶ್ವಾಸಕೋಶ ಸೋತವರು ಅದನ್ನು ತಾಳಲಾರರು. ಅಂಥವರಿಗಾಗಿ 1990ರ ದಶಕದ ಕೊನೆಗೆ ಮದ್ದು ತಗ್ಗಿಸಿದ ಇನ್ನೊಂದು ಕ್ರಮ ಬಳಕೆಗೆ ಬಂತು. ನಾನು ಸಿಕ್ಕಿಬಿದ್ದ ‘ರೆಡ್ಯೂಸ್ಡ್ ಇಂಟೆನ್ಸಿಟಿ’ ಇದೇ. ಫ್ಲುಡಾರಬೀನ್ ಎಂಬ ಕೀಮೋ ಮದ್ದಿನ ಜೊತೆಗೆ ಬುಸಲ್ಫಾನ್ ಅಥವಾ ಮೆಲ್ಫಲಾನ್ ಎಂಬ ಇನ್ನೊಂದು ಕೀಮೋ ಮದ್ದನ್ನು ಪ್ರಮಾಣ ತಗ್ಗಿಸಿ ಕೊಡುವುದುಂಟು. ಉಳಿದ ಕ್ಯಾನ್ಸರ್ ಕೋಶಗಳನ್ನು ದಾನಿಯ ಕೋಶಗಳೇ ಹುಡುಕಿ ಮುಗಿಸಲಿ ಎಂಬ ಲೆಕ್ಕ.

ಮೊದಲು ‘ಪೂರ್ವಸಿದ್ಧತೆ’ ಎಂದು ಬರೆದಿದ್ದೆ. ಕರಡು ಓದಿದ ಗೆಳತಿ, “ರಕ್ತ ಪರೀಕ್ಷೆ, ಸ್ಕ್ಯಾನು, ಸಹಿ ಹಾಕೋದು, ಇದೇ ಅಲ್ವಾ?” ಎಂದಳು. ಕೀಮೋ ಆ ಪದದಲ್ಲಿ ಎಲ್ಲೂ ಕಾಣುವುದಿಲ್ಲ, ನಿಜ.

ನನಗೆ ‘ಹದ’ ಇಷ್ಟ. ಹೊಲ ಹದ ಮಾಡುತ್ತೇವೆ, ಚರ್ಮ ಹದ ಮಾಡುತ್ತೇವೆ. ‘ಕಸಿ’ಯೂ ತೋಟದ ಮಾತೇ, ಎರಡೂ ಜೊತೆಗೆ ಚೆನ್ನಾಗಿ ಕೂರುತ್ತವೆ. ತೊಡಕು ಬರುವುದು ‘ಕಡಿಮೆ’ ಸೇರಿಸಿದಾಗ. ‘ಕಡಿಮೆ ಹದ’ ಎಂದರೆ ಹದ ಸಾಲದು, ಕೆಲಸ ಅರ್ಧಂಬರ್ಧ ಎಂದೇ ಕೇಳಿಸುತ್ತದೆ. ಎಷ್ಟು ಬೇಕೋ ಅಷ್ಟು ಎಂಬ ಅಳತೆ ‘ಹದ’ದೊಳಗೇ ಇದೆಯಲ್ಲ!

‘ಮಿನಿ ಕಸಿ’ ಅನ್ನುವವರೂ ಇದ್ದಾರೆ. ಅದಂತೂ ಬೇಡ. ತಗ್ಗುವುದು ಮೊದಲಿನ ಮದ್ದು, ಕಸಿಯಲ್ಲ. ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ತಿರುಗಿಬೀಳುವ ಅಪಾಯ ಇಲ್ಲೂ ಇದೆ. ಕಾಯಿಲೆ ಮರಳುವ ಸಾಧ್ಯತೆಯಂತೂ ಸಾಮಾನ್ಯವಾಗಿ ಪೂರ್ಣ ಕ್ರಮಕ್ಕಿಂತ ಜಾಸ್ತಿ.

ಸದ್ಯಕ್ಕೆ ‘ಹಗುರ ಮದ್ದಿನ ಕಸಿಹದ’ ಎಂದು ಬರೆದಿಟ್ಟಿದ್ದೇನೆ. ‘ಹಗುರ’ ಎಂದರೆ ಸಲೀಸು ಎಂದುಕೊಂಡುಬಿಟ್ಟರೆ ಎಂಬ ಅಳುಕಿದೆ. ‘ತಗ್ಗಿಸಿದ ಮದ್ದಿನ’ ಎಂದರೆ ಸರಿಹೋದೀತೇ? ವಾರ್ಡಿನಲ್ಲಿ ರೋಗಿಗಳ ಜೊತೆ ದಿನವೂ ಕನ್ನಡದಲ್ಲೇ ಮಾತಾಡುವವರು ಇದಕ್ಕೆ ಏನನ್ನುತ್ತೀರಿ?