ಜೈಲಿನ ಊಟ ಬಿಡಿ, ಬೇಲ್ ನೋಡಿ

ಮಾಮಾ, ನೀವು ಬೆಳಿಗ್ಗೆ ಗ್ರೂಪಿನಲ್ಲಿ ಹಾಕಿದ್ದು ಓದಿದೆ. ದೊಡ್ಡವ್ವನ ದುಡ್ಡು ಮುಳುಗಿಸಿದ ಆ ಫೈನಾನ್ಸ್ ಮಾಲೀಕನಿಗೆ ಜೈಲಿಗೇ ಮನೆ ಊಟ ಹೋಗುತ್ತಿದೆಯಂತೆ, ಅವನನ್ನು ಕತ್ತಲೆ ಕೋಣೆಗೆ ಹಾಕಿ ಗಂಜಿ ಕುಡಿಸಬೇಕು ಅಂತ ಬರೆದಿದ್ದೀರಿ. ಸಿಟ್ಟು ಬರುವುದು ಸಹಜ. ಚನ್ನಗಿರಿ ತೋಟದ ಅಡಿಕೆ ಮಾರಿ, ಮೊಮ್ಮಗಳ ಮದುವೆಗೆ ಅಂತ ಇಟ್ಟಿದ್ದ ದುಡ್ಡು ಅದು. ಆದರೆ ದಿನಾ ದಾವಣಗೆರೆ ಕೋರ್ಟಿಗೆ ಹೋಗುವವಳು ನಾನು, ನಿಮ್ಮ ಸಿಟ್ಟು ತಪ್ಪು ಜಾಗಕ್ಕೆ ಹೋಗುತ್ತಿದೆ ಅಂತ ನನಗೆ ಅನಿಸುತ್ತದೆ.

ಮೊದಲು ಊಟದ ವಿಷಯ. ಅವನಿಗೆ ಇನ್ನೂ ಶಿಕ್ಷೆ ಆಗಿಲ್ಲ, ಅವನು ವಿಚಾರಣಾಧೀನ ಕೈದಿ. ಅಂಥವರು ಹೊರಗಿನಿಂದ ಊಟ, ಬಟ್ಟೆ, ಹಾಸಿಗೆ ತರಿಸಿಕೊಳ್ಳಬಹುದು. ಬ್ರಿಟಿಷರ 1894ರ ಕಾಯ್ದೆಯಲ್ಲೇ ಇದು ಇತ್ತು, ನಮ್ಮ ರಾಜ್ಯದ 1963ರ ಕಾಯ್ದೆಯಲ್ಲೂ ಇದೆ. ಬಡವನಿಗೂ ಅದೇ ಹಕ್ಕು, ಆದರೆ ಅವನಿಗೆ ಡಬ್ಬಿ ಕಟ್ಟಿಕೊಂಡು ಬರಲು ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ, ಒಂದು ದಿನ ಜೈಲಿಗೆ ಬಂದರೆ ಆ ದಿನದ ಕೂಲಿ ಹೋಗುತ್ತದೆ. ಯಾರನ್ನೂ ಉಪವಾಸ ಕೆಡವುವುದು ನ್ಯಾಯ ಅಲ್ಲ ಮಾಮಾ, ಅವನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಜೈಲಿನ ಒಳಗೆ ದುಡ್ಡು ಮಾಡುವ ಆಟವೇ ಬೇರೆ. ರೂಪಾ ಅವರು ನೆನಪಿದ್ದಾರಲ್ವಾ, ನಮ್ಮ ದಾವಣಗೆರೆಯಲ್ಲೇ ಹುಟ್ಟಿ ಬೆಳೆದ ಐಪಿಎಸ್ ಅಧಿಕಾರಿ? 2017ರಲ್ಲಿ ಜೈಲು ಇಲಾಖೆಯ ಡಿಐಜಿ ಆಗಿದ್ದಾಗ ಪರಪ್ಪನ ಅಗ್ರಹಾರ ಜೈಲಿನಲ್ಲಿ ಜಯಲಲಿತಾ ಅವರ ಆಪ್ತೆ ಶಶಿಕಲಾ ಅವರಿಗೆ ಬೇರೆ ಅಡುಗೆಮನೆ ಮಾಡಿಕೊಟ್ಟಿದ್ದಾರೆ ಅಂತ ವರದಿ ಕೊಟ್ಟರು. ಶಶಿಕಲಾ ಅಕ್ರಮ ಆಸ್ತಿ ಕೇಸಿನಲ್ಲಿ ನಾಲ್ಕು ವರ್ಷ ಶಿಕ್ಷೆ ಆಗಿ ಬಂದವರು, ವಿಚಾರಣಾಧೀನ ಅಲ್ಲ. ವರದಿ ಕೊಟ್ಟ ಕೆಲವೇ ದಿನಕ್ಕೆ ರೂಪಾ ಅವರನ್ನೇ ಎತ್ತಂಗಡಿ ಮಾಡಿದರು! ಆಮೇಲೆ ಸರ್ಕಾರವೇ ನೇಮಿಸಿದ ವಿನಯ್ ಕುಮಾರ್ ಸಮಿತಿ ಕೂಡ ಅಲ್ಲಿ ವಿಶೇಷ ಸೌಲಭ್ಯ ಕೊಟ್ಟಿದ್ದು ಹೌದು ಅಂತಲೇ ಹೇಳಿತು. ನಮ್ಮ ಊರಿನ ಹೆಣ್ಣುಮಗಳು ಬರೆದಿದ್ದು ಸುಳ್ಳಲ್ಲ ಅಂತ ಅವತ್ತು ನನಗೆ ತುಂಬಾ ಹೆಮ್ಮೆ ಆಗಿತ್ತು, ಈಗಲೂ ಇದೆ.

ಅದಾದರೂ ಅಡುಗೆಮನೆ. ಯೂನಿಟೆಕ್ ಕೇಸು ನೋಡಿ, ಅದು ನಮ್ಮ ದೊಡ್ಡವ್ವನಂಥವರ ಕೇಸು. ಮನೆ ಕಟ್ಟಿಕೊಡುತ್ತೇವೆ ಅಂತ ಸಾವಿರಾರು ಜನರ ಹತ್ತಿರ ದುಡ್ಡು ತೆಗೆದುಕೊಂಡು ಮನೆ ಕೊಡಲಿಲ್ಲ ಅನ್ನುವ ಆರೋಪದಲ್ಲಿ ಸಂಜಯ್ ಚಂದ್ರ, ಅಜಯ್ ಚಂದ್ರ ಅನ್ನುವ ಅಣ್ಣ ತಮ್ಮ ತಿಹಾರ್ ಜೈಲಿನಲ್ಲಿದ್ದರು. ದೆಹಲಿಯಲ್ಲೇ ಅವರದ್ದೊಂದು ಗುಪ್ತ ಆಫೀಸ್ ಇದೆ, ಜೈಲು ಸಿಬ್ಬಂದಿಯನ್ನು ಕೈಗೆ ಹಾಕಿಕೊಂಡು ಒಳಗಿನಿಂದಲೇ ವ್ಯವಹಾರ ನಡೆಸುತ್ತಿದ್ದಾರೆ ಅಂತ ಜಾರಿ ನಿರ್ದೇಶನಾಲಯ (ಇ.ಡಿ.) 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತು. ಕೋರ್ಟ್ ಇಬ್ಬರನ್ನೂ ಮುಂಬೈ ಕಡೆಯ ಎರಡು ಬೇರೆ ಬೇರೆ ಜೈಲಿಗೆ ಕಳಿಸಿತು. ನನಗೆ ಹೆದರಿಕೆ ಆಗುವುದು ಇದಕ್ಕೆ. ಅವನು ಒಳಗೆ ಮಟನ್ ತಿನ್ನಲಿ ಬಿಡಿ, ಫೋನ್ ಸಿಕ್ಕರೆ ಆಸ್ತಿಯನ್ನು ಭಾಮೈದನ ಹೆಸರಿಗೆ ಮಾಡಿಸುತ್ತಾನೆ. ದೊಡ್ಡವ್ವನ ದುಡ್ಡು ಹೋಗುವುದು ಅಲ್ಲಿ.

ಇನ್ನು ಬೇಲ್. ಓಬಳಾಪುರಂ ಗಣಿ ಕೇಸಿನಲ್ಲಿ ಜನಾರ್ದನ ರೆಡ್ಡಿ ಅವರಿಗೆ 2025ರ ಮೇ ತಿಂಗಳಲ್ಲಿ 7 ವರ್ಷ ಶಿಕ್ಷೆ ಆಯಿತು, ಜೂನ್‌ನಲ್ಲಿ ಹೈಕೋರ್ಟ್ ಅದನ್ನು ತಡೆಹಿಡಿದು ಜಾಮೀನು ಕೊಟ್ಟಿತು. ಅವರು 2011ರಿಂದ ಮೂರು ವರ್ಷಕ್ಕಿಂತ ಜಾಸ್ತಿ ಒಳಗಿದ್ದರು, ಅದನ್ನೂ ಹೇಳಬೇಕು. ಮೇಲ್ಮನವಿ ಅವರ ಹಕ್ಕು. ನನಗೆ ಬೇಜಾರು ಆ ವೇಗ ಎಲ್ಲರಿಗೂ ಸಿಗಲ್ಲ ಅಂತ.

ಜಗಳೂರು ಕಡೆಯ ಒಬ್ಬ ಹುಡುಗ ಇದ್ದಾನೆ, ಬೈಕ್ ಕದ್ದ ಆರೋಪ. ಅವನಿಗೆ ಜಾಮೀನು ಸಿಕ್ಕಿದೆ ಮಾಮಾ, ಆದರೂ ಒಳಗೇ ಇದ್ದಾನೆ! ಶ್ಯೂರಿಟಿ ಇಲ್ಲ, ಅಂದರೆ ಅವನಿಗೆ ಹೊಣೆ ನಿಲ್ಲುವವರು ಯಾರೂ ಇಲ್ಲ. ಅವನ ಅವ್ವ ಪಹಣಿ ತಂದಳು, ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದಳು. ಬಿಚ್ಚಿ ನೋಡಿದರೆ ಹೊಲ ಇನ್ನೂ ಸತ್ತುಹೋದ ಮಾವನ ಹೆಸರಿನಲ್ಲಿದೆ. ಪೌತಿ ಖಾತೆ ಆಗಿಲ್ಲ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗಿಲ್ಲ. ಊರಿನವರು ಯಾರೂ ಶ್ಯೂರಿಟಿಗೆ ಬರಲ್ಲ, ನಾಳೆ ಹುಡುಗ ಕೋರ್ಟಿಗೆ ಬರದಿದ್ದರೆ ನಮ್ಮ ಹೊಲಕ್ಕೆ ಬರುತ್ತಾರೆ ಅನ್ನುವ ಭಯ. ಅವಳು ಕೋರ್ಟಿನ ಕಟ್ಟೆ ಮೇಲೆ ಕೂತು ಆ ಕಾಗದವನ್ನು ಮತ್ತೆ ಮತ್ತೆ ನನ್ನ ಕೈಗೆ ಕೊಡುತ್ತಿದ್ದಳು, ಸರಿಯಾಗಿ ನೋಡು ತಾಯಿ, ನನ್ನ ಹೆಸರು ಎಲ್ಲಾದರೂ ಇರಬಹುದು ಅಂತ.

ದೇಶದ ಜೈಲುಗಳಲ್ಲಿ 2022ರ ಕೊನೆಗೆ ನಾಲ್ಕರಲ್ಲಿ ಮೂರು ಜನ ವಿಚಾರಣಾಧೀನರೇ ಇದ್ದರು. ಮೊದಲ ಸಲ ಕೇಸಿಗೆ ಸಿಕ್ಕವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡಬೇಕು ಅಂತ 2024ರಲ್ಲಿ ಜಾರಿಗೆ ಬಂದ ಹೊಸ ಕಾನೂನು ಹೇಳುತ್ತದೆ, ಒಳ್ಳೆಯದೇ. ಆದರೆ ಒಂದಕ್ಕಿಂತ ಜಾಸ್ತಿ ಕೇಸ್ ಇದ್ದರೆ ಅದು ಸಿಗಲ್ಲ, ಪೊಲೀಸರು ಅದೇ ಹುಡುಗನ ಮೇಲೆ ಇನ್ನೊಂದು ಬೈಕ್ ಹಾಕಿದರೆ ಮುಗಿಯಿತು. ಜಾಮೀನಿಗೆ ದುಡ್ಡು ಕಟ್ಟಲು ಆಗದ ಬಡ ಕೈದಿಗಳಿಗೆ ಕೇಂದ್ರದ ಯೋಜನೆಯಲ್ಲಿ ಸಹಾಯ ಇದೆ. ನಿಮ್ಮ ಕಡೆ ಚಿತ್ರದುರ್ಗದಲ್ಲಿ ಯಾರಾದರೂ ಹಾಗೆ ಸಿಕ್ಕಿಕೊಂಡಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿ, ಅಲ್ಲಿ ವಕೀಲರಿಗೆ ಫೀಸ್ ಕೊಡಬೇಕಿಲ್ಲ.

ದೊಡ್ಡವ್ವನ ವಿಷಯಕ್ಕೆ, ಠೇವಣಿದಾರರ ರಕ್ಷಣೆಗೆ ಅಂತಲೇ ನಮ್ಮ ರಾಜ್ಯದಲ್ಲಿ 2004ರ ಕಾಯ್ದೆ ಇದೆ. ಅದರಲ್ಲಿ ಇಂಥವರ ಆಸ್ತಿ ಜಪ್ತಿ ಮಾಡಿ, ಮಾರಿ, ಠೇವಣಿದಾರರಿಗೆ ಹಂಚಬಹುದು. ಅವನ ಹೆಸರಿನಲ್ಲಿ, ಹೆಂಡತಿ ಮಕ್ಕಳ ಹೆಸರಿನಲ್ಲಿ ಎಲ್ಲೆಲ್ಲಿ ಸೈಟು, ತೋಟ ಇದೆ ಅಂತ ನಿಮಗೆ ಗೊತ್ತಿರುವುದನ್ನೆಲ್ಲ ಬರೆದು ನನಗೆ ಕಳಿಸಿ, ಸರ್ವೆ ನಂಬರ್ ಇದ್ದರೆ ಇನ್ನೂ ಒಳ್ಳೆಯದು. ಸೋಮವಾರ ದೊಡ್ಡವ್ವನನ್ನು ಕರೆದುಕೊಂಡು ಬನ್ನಿ. ಠೇವಣಿ ಬಾಂಡ್, ರಸೀದಿ, ಪಾಸ್‌ಬುಕ್, ಆಧಾರ್ ಎಲ್ಲ ಬೇಕು. ಒರಿಜಿನಲ್ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಮಾತ್ರ.